30×40 ಸೈಟಿನ ವೈಫೈ

ಬೆಂಗಳೂರಿನಲ್ಲಿ ಈಗ ಯಾರ ಮನೆಗೆ ಹೋದರೂ ನೀರು ಕೊಟ್ಟ ಮೇಲೆ ವೈಫೈ ಪಾಸ್‌ವರ್ಡ್ ಕೊಡುತ್ತಾರೆ. ಅದರ ಹಿಂದೆಯೇ ಇನ್ನೊಂದು ಮಾತು ಬರುತ್ತದೆ. 'ಅಲ್ಲಿ ಬೇಡ, ಈ ಕಡೆ ಸೋಫಾದಲ್ಲಿ ಕೂತ್ಕೊಳ್ಳಿ, ಇಲ್ಲಿ ಚೆನ್ನಾಗಿ ಬರತ್ತೆ.' ಇದನ್ನು ಗಮನಿಸಲು ಶುರು ಮಾಡಿದ ಮೇಲೆ ಇಂಥ ಒಂದು ಜಾಗ ಇಲ್ಲದ ಮನೆಯೇ ನನಗೆ ಸಿಕ್ಕಿಲ್ಲ. ಅಕ್ಕನ ಮನೆಯಲ್ಲಿ ಅದು ಊಟದ ಮೇಜಿನ ಕಿಟಕಿ ಕಡೆಯ ಕುರ್ಚಿ. ಸ್ನೇಹಿತನೊಬ್ಬನ ಮನೆಯಲ್ಲಿ ಮಹಡಿ ಮೆಟ್ಟಿಲಿನ ತಿರುವು. ಅವನು ಆಫೀಸಿನ ಮೀಟಿಂಗುಗಳನ್ನೆಲ್ಲ ಆ ಮೆಟ್ಟಿಲ ಮೇಲೆ ಕೂತೇ ಮುಗಿಸುತ್ತಾನೆ. ಬೆನ್ನ ಹಿಂದೆ ಖಾಲಿ ಗೋಡೆ ಇರುವುದರಿಂದ ಆ ಕಡೆಯವರಿಗೆ ಏನೂ ಗೊತ್ತಾಗುವುದಿಲ್ಲ. ಇದೇ ಜನ, ನಾನೂ ಸೇರಿ, ಮದುವೆ ಮನೆಯಲ್ಲಿ ಸಿಕ್ಕಾಗ ಕೇಳುವುದು 'ನಿಮ್ಮನೇಲಿ ಎಷ್ಟು ಎಂಬಿಪಿಎಸ್?' ಅಂತ. ನೆಟ್ಟಿನ ವೇಗದ ಅಳತೆ ಅದು. ನೂರು ಅಂದರೆ ಅಯ್ಯೋ ಪಾಪ. ಮುನ್ನೂರು ಅಂದರೆ ಸ್ವಲ್ಪ ಮರ್ಯಾದೆ. ಮುನ್ನೂರು ಎಂಬಿಪಿಎಸ್ ಇಟ್ಟುಕೊಂಡು ಮೆಟ್ಟಿಲ ಮೇಲೆ ಯಾಕೆ ಕೂರುತ್ತೀಯಪ್ಪ ಅಂತ ಮಾತ್ರ ಯಾರೂ ಕೇಳುವುದಿಲ್ಲ. ನನಗೆ ಬಹಳ ದಿನದಿಂದ ಕಾಡುತ್ತಿರುವ ಪ್ರಶ್ನೆ ಇದೇ.

ನಮ್ಮ ಮನೆ ಇದಕ್ಕೆ ಹೊರತಲ್ಲ. 30×40 ಸೈಟಿನ ಮನೆ ಅಂದರೆ ಹೆಚ್ಚು ವಿವರಿಸಬೇಕಿಲ್ಲ ಅಲ್ವಾ? ಮುಂದೆ ಒಂದು ಕಾರು ನಿಲ್ಲುವಷ್ಟು ಜಾಗ, ಅದರ ಕೆಳಗೆ ಸಂಪು, ಒಳಗೆ ಅಪ್ಪ-ಅಮ್ಮ. ಮೊದಲನೇ ಮಹಡಿಯಲ್ಲಿ ನಾನು, ಹೆಂಡತಿ, ಮಗಳು. ಅದರ ಮೇಲೆ ಬಾಡಿಗೆಯವರು. ಅದಕ್ಕೂ ಮೇಲೆ ನೀರಿನ ಟ್ಯಾಂಕು, ಸೋಲಾರು, ಒಣಗಿದ ತುಳಸಿ ಕುಂಡಗಳು. ಕೆಳಗಿನ ಮನೆಯನ್ನು ಅಪ್ಪ ತೊಂಬತ್ತರ ದಶಕದಲ್ಲಿ ಕಟ್ಟಿಸಿದ್ದು. ಮೇಲಿನವು ಒಂದು ಸಾಲ ತೀರಿ ಇನ್ನೊಂದು ಸಿಕ್ಕಿದ ಹಾಗೆ ಎದ್ದವು. ಅಪ್ಪ-ಅಮ್ಮನಿಗೂ ನಮಗೂ ಸೇರಿ ಒಂದೇ ಫೈಬರ್ ಕನೆಕ್ಷನ್ ಸಾಕು ಅನ್ನುವುದು ಅಪ್ಪನ ತೀರ್ಮಾನ. ವೈರೇ ಇಲ್ಲದೆ ಗಾಳಿಯಲ್ಲಿ ಬರುವಂಥದ್ದು, ಒಂದು ಮಹಡಿ ಮೇಲಕ್ಕೆ ಬರುವುದಿಲ್ಲವೇ, ಎರಡು ಬಿಲ್ಲು ಯಾಕೆ ಅಂತ ಕೇಳಿದರು. ಕೇಳಿದವರಿಗೆಲ್ಲ ಸರಿ ಅನ್ನಿಸುವ ಪ್ರಶ್ನೆಯೇ.

ಫೈಬರ್ ಹಾಕಲು ಬಂದ ಹುಡುಗ ಚುರುಕಾಗಿದ್ದ. ಕಂಬದಿಂದ ಕಪ್ಪು ವೈರನ್ನು ಗೇಟಿನ ಮೇಲಿಂದ ಎಳೆದು, ಹಾಲಿನ ಕಿಟಕಿಯ ಪಕ್ಕ ಡ್ರಿಲ್ ಮಾಡಿ ಒಳಗೆ ತಂದ. 'ಎಲ್ಲಿ ಕೂರಿಸಲಿ ಸಾರ್?' ಅಂದ. ನಾನು ಮೆಟ್ಟಿಲು ಹತ್ತುವ ಜಾಗ ತೋರಿಸಿದೆ. ಮನೆಗೆ ಮಧ್ಯ, ಮೇಲಕ್ಕೂ ಹತ್ತಿರ. ಅವನು ಕೈಯಲ್ಲಿದ್ದ ವೈರ್ ನೋಡಿದ, ಗೋಡೆ ನೋಡಿದ. 'ಅಲ್ಲೀವರೆಗೂ ಎಳೆದ್ರೆ ಮೂರು ಮೂಲೆ ತಿರುಗಬೇಕು ಸಾರ್. ಫೈಬರ್ ಜಾಸ್ತಿ ಬೆಂಡ್ ಆದ್ರೆ ಲೈಟ್ ಡ್ರಾಪ್ ಆಗತ್ತೆ.' ಅದು ಸುಳ್ಳೇನಲ್ಲ. ಗಾಜಿನ ಎಳೆಯನ್ನು ಗಟ್ಟಿಯಾಗಿ ಮಡಿಸಿದರೆ ಬೆಳಕು ಸೋರಿಹೋಗುತ್ತದೆ. ಅಷ್ಟರಲ್ಲಿ ಅಮ್ಮ ಅಡುಗೆಮನೆಯಿಂದಲೇ, 'ಗೋಡೆ ಮಧ್ಯ ಎಲ್ಲ ನೇತು ಹಾಕಬೇಡಪ್ಪ, ಬಂದವರು ಏನಂದ್ಕೋತಾರೆ' ಅಂದರು. ಪ್ಲಗ್ ಪಾಯಿಂಟು ಟಿವಿ ಹತ್ತಿರವೇ ಇತ್ತು. ಹಾಗಾಗಿ ರೌಟರ್ ಶೋಕೇಸಿನಲ್ಲಿ, ಟಿವಿಯ ಹಿಂದೆ, ಅಪ್ಪನ ನಿವೃತ್ತಿಯ ದಿನ ಕೊಟ್ಟ ಸ್ಟೀಲಿನ ಫಲಕದ ಪಕ್ಕ ಕೂತಿತು. ಹುಡುಗ ಅದರಿಂದ ಒಂದು ಮೊಳ ದೂರ ನಿಂತು ತನ್ನ ಫೋನಿನಲ್ಲಿ ಸ್ಪೀಡ್ ಟೆಸ್ಟ್ ಮಾಡಿದ. ಮುಳ್ಳು ಪೂರ್ತಿ ಬಲಕ್ಕೆ ಹೋಯಿತು. ಫೋಟೊ ಹೊಡೆದುಕೊಂಡ, ಒಟಿಪಿ ಕೇಳಿದ. 'ಮೇಲೆ ಬರತ್ತಾ?' ಅಂದೆ. 'ಬರತ್ತೆ ಸಾರ್, ಡ್ಯುಯಲ್ ಬ್ಯಾಂಡು' ಅಂದ. ಬೈಕ್ ಹತ್ತಿ ಹೊರಟ.

ಯೋಚನೆ ಮಾಡಿದರೆ, ಮುಂದಿನ ಎಲ್ಲ ತಲೆನೋವೂ ಆ ಅರ್ಧ ಗಂಟೆಯಲ್ಲೇ ತೀರ್ಮಾನ ಆಗಿಹೋಗಿತ್ತು. ಒಂದು ಮನೆಯ ವೈಫೈ ಹೇಗಿರಬೇಕು ಅಂತ ನಿರ್ಧರಿಸಿದ್ದು ಮೂರು ಸಂಗತಿ. ವೈರಿನ ಉದ್ದ, ಪ್ಲಗ್ ಪಾಯಿಂಟು, ಮತ್ತು ಬಂದವರು ಏನಂದುಕೊಳ್ಳುತ್ತಾರೋ ಅನ್ನುವ ಅಂಜಿಕೆ. ಮನೆಯಲ್ಲಿ ಯಾರು ಎಲ್ಲಿ ಕೂರುತ್ತಾರೆ, ಗೋಡೆ ಎಂಥದ್ದು, ಸೂರು ಎಂಥದ್ದು ಅನ್ನುವುದು ಲೆಕ್ಕಕ್ಕೇ ಬರಲಿಲ್ಲ.

ಗೋಡೆಗಿಂತ ಮೋಲ್ಡಿಂಗ್

ವೈಫೈ ಹುಟ್ಟಿದ ಕಡೆ ಮನೆಗಳೇ ಬೇರೆ ಥರ. ಅಮೆರಿಕದಲ್ಲಿ 1985ರಲ್ಲಿ ಲೈಸೆನ್ಸ್ ಇಲ್ಲದೆ ಬಳಸಿಕೊಳ್ಳಿ ಅಂತ ರೇಡಿಯೊ ಅಲೆಗಳ ಕೆಲವು ಪಟ್ಟಿಗಳನ್ನು (ಬ್ಯಾಂಡ್) ಬಿಟ್ಟುಕೊಟ್ಟರು. ಅದರ ಬೆನ್ನಲ್ಲಿ ಬೆಳೆದ ಕೆಲಸ 1997ರಲ್ಲಿ ಮೊದಲ ಸ್ಟ್ಯಾಂಡರ್ಡ್ ಆಗಿ ಬಂತು. ಆಗಿನ ವೇಗ ಬರೀ 2 ಎಂಬಿಪಿಎಸ್. ಅಲ್ಲಿನ ಬಹಳಷ್ಟು ಮನೆಗಳು ಮರದ ಚೌಕಟ್ಟಿನವು, ಒಳಗೋಡೆಗಳು ಜಿಪ್ಸಂ ಹಲಗೆಯವು. ರೇಡಿಯೊ ಅಲೆಗೆ ಅವು ದೊಡ್ಡ ಅಡ್ಡಿಯೇ ಅಲ್ಲ. ನಮ್ಮಲ್ಲಿ? ಹೊರಗೋಡೆ ಒಂಬತ್ತಿಂಚು ಇಟ್ಟಿಗೆ, ಒಳಗೋಡೆ ನಾಲ್ಕೂವರೆ ಇಂಚು, ಎರಡೂ ಕಡೆ ಸಿಮೆಂಟ್ ಗಾರೆ. ಇದನ್ನಾದರೂ ದಾಟಿಕೊಂಡು ಹೋಗಬಹುದು. ನಿಜವಾದ ಶತ್ರು ಅಂದರೆ ತಲೆ ಮೇಲಿನ ಮೋಲ್ಡಿಂಗ್. ಐದಾರು ಇಂಚು ದಪ್ಪದ ಕಾಂಕ್ರೀಟು, ಅದರೊಳಗೆ ಉದ್ದಕ್ಕೂ ಅಡ್ಡಕ್ಕೂ ಕಟ್ಟಿದ ಕಬ್ಬಿಣದ ಕಂಬಿ, ಅದರ ಮೇಲೆ ಗಾರೆ, ಅದರ ಮೇಲೆ ಟೈಲ್ಸು. ನಮ್ಮ ರೌಟರ್ ಬಳಸುವ ಎರಡು ಬಗೆಯ ಅಲೆಗಳಲ್ಲಿ ಒಂದಾದ 2.4 ಗಿಗಾಹರ್ಟ್ಸ್ ಅಲೆಯ ಉದ್ದ ಸುಮಾರು 12 ಸೆಂಟಿಮೀಟರ್. ಕಂಬಿಗಳ ನಡುವಿನ ಕಿಂಡಿಯೂ ಸುಮಾರಾಗಿ ಅದೇ ಅಳತೆಯದು. ಹೇಗೋ ಒಂದಿಷ್ಟು ನುಸುಳುತ್ತದೆ. 5 ಗಿಗಾಹರ್ಟ್ಸ್‌ನಲ್ಲಿ ನೆಟ್ಟಿನ ವೇಗ ಅದಕ್ಕಿಂತ ಜಾಸ್ತಿ, ಆದರೆ ಆ ಅಲೆ ಕಾಂಕ್ರೀಟ್ ಸಿಕ್ಕರೆ ಇನ್ನೂ ಬೇಗ ಸುಸ್ತಾಗುತ್ತದೆ. ಡ್ಯುಯಲ್ ಬ್ಯಾಂಡ್ ಅಂತ ಆ ಹುಡುಗ ಹೇಳಿದ್ದು ಈ ಎರಡನ್ನೇ. ಎರಡಿದ್ದರೂ ಮೇಲೆ ಹತ್ತುವ ವಿಚಾರದಲ್ಲಿ ಎರಡೂ ಅಷ್ಟಕ್ಕಷ್ಟೆ.

ಇನ್ನೊಂದು ವಿಷಯ ಯಾರೂ ಹೇಳುವುದಿಲ್ಲ. ರೌಟರಿನ ಕಡ್ಡಿಗಳನ್ನು ನೆಟ್ಟಗೆ ನಿಲ್ಲಿಸಿದರೆ ಸಿಗ್ನಲ್ ಎಲ್ಲ ದಿಕ್ಕಿಗೂ ಸಮನಾಗಿ ಹೋಗುವುದಿಲ್ಲ. ತಟ್ಟೆಯಲ್ಲಿಟ್ಟ ಉದ್ದಿನವಡೆಯ ಹಾಗೆ ಸುತ್ತಲೂ ಅಗಲವಾಗಿ ಹರಡುತ್ತದೆ. ಕಡ್ಡಿಯ ನೇರ ಮೇಲೆ, ನೇರ ಕೆಳಗೆ ತೂತು. ಅಗಲವಾಗಿ, ಒಂದೇ ಅಂತಸ್ತಿನಲ್ಲಿ ಕಟ್ಟಿದ ಮನೆಗೆ ಇದು ಬಹಳ ಚೆನ್ನ. ನಾವು ಜಾಗ ಸಾಲದೆ ಮನೆಯನ್ನು ಮೇಲಕ್ಕೆ ಬೆಳೆಸಿದವರು. ನಮಗೆ ಸಿಗ್ನಲ್ ಬೇಕಾಗಿರುವುದೇ ತಲೆ ಮೇಲೆ. ಕಡ್ಡಿಯನ್ನು ಅಡ್ಡ ಮಲಗಿಸಿದರೆ ಮೇಲ್ಮುಖವಾಗಿ ಒಂದಿಷ್ಟು ಜಾಸ್ತಿ ಹೋಗುತ್ತದೆ. ನಾನು ಒಂದನ್ನು ಮಲಗಿಸಿದೆ. ಮಾರನೇ ದಿನ ಶೋಕೇಸ್ ಒರೆಸುವಾಗ ಅಮ್ಮ ಅದನ್ನು ಮತ್ತೆ ನೆಟ್ಟಗೆ ಮಾಡಿದ್ದರು. ಹಾಗೇ ಇರಬೇಕಾದ್ದಲ್ಲವೇ ಅಂತ.

ಗೋಡೆಗಳ ವಿಚಾರವನ್ನು ವೈಫೈ ಮಾಡಿದವರು ಯೋಚಿಸಿಯೇ ಇರಲಿಲ್ಲ ಅಂತ ಹೇಳಿದರೆ ತಪ್ಪಾಗುತ್ತದೆ. ಕೋಣೆಯೊಳಗೆ ರೇಡಿಯೊ ಅಲೆ ಗೋಡೆಗೆ, ಮೇಜಿಗೆ, ಬೀರುವಿಗೆ ಬಡಿದು ವಾಪಸ್ ಬರುತ್ತದೆ. ಒಂದೇ ಮಾತು ಹತ್ತು ಸಲ, ಹತ್ತು ಬೇರೆ ಬೇರೆ ಹೊತ್ತಿಗೆ ಕಿವಿಗೆ ಬಿದ್ದು ಗೊಂದಲ ಆಗುತ್ತದೆ. ಇದನ್ನು ಬಗೆಹರಿಸಿದ ಒಂದು ಮುಖ್ಯ ದಾರಿ ಆಸ್ಟ್ರೇಲಿಯಾದ ಸರಕಾರಿ ಸಂಶೋಧನಾ ಸಂಸ್ಥೆ ಸಿಎಸ್‌ಐಆರ್‌ಒದಿಂದ ಬಂತು. ಜಾನ್ ಓಸಲಿವನ್ ಮತ್ತು ಜೊತೆಗಾರರಿಗೆ ಇದರ ಅಮೆರಿಕನ್ ಪೇಟೆಂಟ್ ಸಿಕ್ಕಿದ್ದು 1996ರಲ್ಲಿ. ಈ ಓಸಲಿವನ್ ಅದಕ್ಕೂ ಮುಂಚೆ ಹುಡುಕುತ್ತಿದ್ದದ್ದು ಸಿಡಿಯುವ ಪುಟ್ಟ ಕಪ್ಪುಕುಳಿಗಳ ರೇಡಿಯೊ ಸದ್ದನ್ನು. ಅದು ಸಿಗಲಿಲ್ಲ. ಆ ಕ್ಷೀಣ ಸದ್ದನ್ನು ಸೋಸಲು ಕಲಿತ ಗಣಿತ ಕೋಣೆಯೊಳಗಿನ ಪ್ರತಿಧ್ವನಿಗೆ ಉಪಯೋಗಕ್ಕೆ ಬಂತು. ನನಗೆ ಈ ಕತೆ ಬಹಳ ಇಷ್ಟ. ಆದರೆ ಗಮನಿಸಿ, ಬಡಿದು ವಾಪಸ್ ಬಂದ ಅಲೆಯನ್ನು ಗಣಿತ ಸರಿಮಾಡಬಲ್ಲದು. ಕಾಂಕ್ರೀಟು ನುಂಗಿ ಹಾಕಿದ್ದನ್ನು ಯಾವ ಗಣಿತವೂ ವಾಪಸ್ ತರುವುದಿಲ್ಲ.

ಗೀಟು ತುಂಬಿರುತ್ತದೆ, ಏನೂ ಬರುವುದಿಲ್ಲ

ಮನೆಯಲ್ಲಿ ದೂರುಗಳು ಬರುವ ರೀತಿಯೇ ಒಂದು. ನಲ್ಲಿ ಸೋರಿದರೆ ಎಲ್ಲಿ ಸೋರುತ್ತಿದೆ ಅಂತ ತೋರಿಸಬಹುದು. ವೈಫೈದು ಹಾಗಲ್ಲ. ಮಗಳು 'ಅಪ್ಪಾ, ಹೋಯ್ತು' ಅನ್ನುತ್ತಾಳೆ. ಹೆಂಡತಿ ಏನೂ ಅನ್ನುವುದಿಲ್ಲ, ಮೀಟಿಂಗಿನ ಮಧ್ಯೆ ಲ್ಯಾಪ್‌ಟಾಪ್ ಹಿಡಿದು ಬಾಲ್ಕನಿಗೆ ಎದ್ದು ಹೋಗುತ್ತಾಳೆ. ಅಮ್ಮ ಕೆಳಗಿಂದ ಫೋನ್ ಮಾಡಿ, 'ಏ, ಗೀಟೆಲ್ಲ ಪೂರ್ತಿ ಇದೆ ಕಣೋ, ಆದ್ರೂ ನಿನ್ನ ಚಿಕ್ಕಮ್ಮನ ಮುಖ ಅಲ್ಲಾಡ್ತಾನೇ ಇಲ್ಲ' ಅನ್ನುತ್ತಾರೆ. ಇವು ಮೂರು ಬೇರೆ ಬೇರೆ ಕಾಯಿಲೆ. ಒಂದು ಕಡೆ ಸಿಗ್ನಲ್ ಬಂದೇ ಇಲ್ಲ. ಇನ್ನೊಂದು ಕಡೆ ಬಂದಿದೆ, ಆದರೆ ಪಕ್ಕದ ಮನೆಯವರ ಜೊತೆ ಸರದಿಯಲ್ಲಿ ನಿಂತಿದೆ. ಮೂರನೆಯದರಲ್ಲಿ ವೈಫೈ ಸರಿಯಾಗಿದೆ, ಬೀದಿಯಿಂದ ಬರುವ ಲೈನೇ ಸತ್ತಿದೆ. ಫೋನಿನ ಪರದೆ ಮೇಲೆ ಬಹುಮಟ್ಟಿಗೆ ಒಂದೇ ಚಿತ್ರ.

ಫೋನಿನ ಸಿಗ್ನಲ್ ಗೀಟಿನ ವಿಚಾರ ಬಂತಲ್ಲ, ಅದು ತೋರಿಸುವುದು ರೌಟರಿನ ದನಿ ಫೋನಿಗೆ ಎಷ್ಟು ಜೋರಾಗಿ ಕೇಳುತ್ತಿದೆ ಅನ್ನುವುದನ್ನು. ಫೋನಿನ ದನಿ ರೌಟರಿಗೆ ಕೇಳುತ್ತಿದೆಯೇ ಅಂತ ಅಲ್ಲ. ರೌಟರ್ ಗೋಡೆಯ ಕರೆಂಟಿನಲ್ಲಿ ಕೂತಿದೆ, ಗಟ್ಟಿಯಾಗಿ ಕೂಗಬಲ್ಲದು. ಫೋನಿಗೆ ಬ್ಯಾಟರಿ ಉಳಿಸುವ ಚಿಂತೆ, ಸಣ್ಣ ಆಂಟೆನಾ, ಅದರ ಮೇಲೆ ನಮ್ಮ ಅಂಗೈ. ಹಾಗಾಗಿ ಕೆಳಗಿನ ಮಾತು ಮೇಲೆ ಕೇಳುತ್ತದೆ, ಮೇಲಿನ ಉತ್ತರ ಕೆಳಗೆ ತಲುಪುವುದಿಲ್ಲ. ಸಂಭಾಷಣೆ ಅಲ್ಲಿಗೆ ನಿಂತಿತು. ಗೀಟು ಮಾತ್ರ ತುಂಬಿಕೊಂಡೇ ಇರುತ್ತದೆ.

ಇದಕ್ಕೆಲ್ಲ ಕಸ್ಟಮರ್ ಕೇರ್‌ಗೆ ಫೋನ್ ಮಾಡಿದರೆ ಸಿಗುವ ಉತ್ತರ ನಿಮಗೂ ಬಾಯಿಪಾಠ ಇರಬಹುದು. 'ಸಾರ್, ನಮ್ಮ ಕಡೆಯಿಂದ ಲೈನ್ ಕ್ಲಿಯರ್ ಇದೆ. ಒಂದ್ಸಲ ಆಫ್ ಮಾಡಿ ಆನ್ ಮಾಡಿ.' ಮಾಡಿದೆ. 'ರೌಟರ್ ಪಕ್ಕ ನಿಂತು ಸ್ಪೀಡ್ ಚೆಕ್ ಮಾಡಿ.' ಮಾಡಿದೆ, ಸರಿಯಾಗೇ ಇದೆ. 'ಹಾಗಾದ್ರೆ ನಮ್ಮದೇನೂ ಪ್ರಾಬ್ಲಂ ಇಲ್ಲ ಸಾರ್.' ಅವರ ಪ್ರಕಾರ ಬಾಕ್ಸಿನವರೆಗೆ ಅವರದು, ಬಾಕ್ಸಿನ ಆಚೆ ನಮ್ಮದು. ಕಾನೂನಿನ ಪ್ರಕಾರ ಅದು ಸರಿಯೇ ಇರಬಹುದು. ಆದರೆ ಲ್ಯಾಂಡ್‌ಲೈನ್ ಕಾಲದಲ್ಲಿ ಹೀಗಿರಲಿಲ್ಲ. ಆಗ ಫೋನೂ ಇಲಾಖೆಯದೇ. ಲೈನ್‌ಮನ್ ಕಂಬದಿಂದ ಹಿಡಿದು ನಾವು ಕಿವಿಗೆ ಹಿಡಿಯುವ ರಿಸೀವರ್‌ವರೆಗೂ ನೋಡುತ್ತಿದ್ದರು, ಕಾಫಿ ಕುಡಿದು ಹೋಗುತ್ತಿದ್ದರು. ಬರುವುದು ತಡ ಆಗುತ್ತಿತ್ತು ನಿಜ, ಆದರೆ ಬಂದರೆ ಕೊನೆಯವರೆಗೂ ಅವರದೇ ಹೊಣೆ. ಈಗ ಪ್ರತಿ ಮನೆಯಲ್ಲೂ ಒಬ್ಬರು ಸಂಬಳ ಇಲ್ಲದ ಲೈನ್‌ಮನ್ ಆಗಿದ್ದಾರೆ. ಕಂಪ್ಯೂಟರ್ ಓದಿದ ಮಗನೋ, ಹತ್ತನೇ ಕ್ಲಾಸಿನ ಮೊಮ್ಮಗಳೋ. ನೆಟ್ ಇದ್ದಾಗ ಯಾರೂ ಅವರನ್ನು ನೆನೆಯುವುದಿಲ್ಲ.

ಕಸ್ಟಮರ್ ಕೇರ್‌ನ ಮಾತು ಕೊನೆಗೆ ಒಂದೇ ಕಡೆ ಬಂದು ನಿಲ್ಲುತ್ತದೆ. 'ಪ್ಲಾನ್ ಅಪ್‌ಗ್ರೇಡ್ ಮಾಡ್ಕೊಳ್ಳಿ ಸಾರ್.' ನನ್ನ ಸಿಟ್ಟೆಲ್ಲ ಇದರ ಮೇಲೆ. ಒಂದು ಎಚ್‌ಡಿ ಸಿನಿಮಾ ಸರಾಗವಾಗಿ ಓಡಲು ಸುಮಾರು 5 ಎಂಬಿಪಿಎಸ್ ಸಾಕು. 4ಕೆ ಆದರೂ 25ರೊಳಗೆ ಮುಗಿಯುತ್ತದೆ. ವಿಡಿಯೊ ಕಾಲ್‌ಗೆ ಅದಕ್ಕಿಂತ ಬಹಳ ಕಡಿಮೆ. ನಮ್ಮಂಥ ಮನೆಗೆ ನೂರೇ ಹೆಚ್ಚು. ಮೋಲ್ಡಿಂಗ್ ದಾಟುವಾಗ ಆ ನೂರು ನಾಲ್ಕಾಗುತ್ತಿದೆ ಅನ್ನುವುದು ತೊಂದರೆ. ಅದನ್ನು ಮುನ್ನೂರು ಮಾಡಿದರೂ ಮೇಲೆ ಬರುವುದು ಅದೇ ನಾಲ್ಕು. ತಿಂಗಳ ಬಿಲ್ಲು ಮಾತ್ರ ಜಾಸ್ತಿ. ವೇಗಕ್ಕೆ ರೇಟ್ ಕಾರ್ಡ್ ಇದೆ. ಮನೆಯ ಮೂಲೆ ಮೂಲೆಗೆ ತಲುಪಿಸುವುದಕ್ಕೆ ಇಲ್ಲ. ಮಾರಲು ಸುಲಭವಾದದ್ದನ್ನು ಮಾರುತ್ತಾರೆ, ನಾವೂ ಎಣಿಸಲು ಸುಲಭವಾದದ್ದನ್ನೇ ಕೊಳ್ಳುತ್ತೇವೆ.

ಓಣಿಯೆಲ್ಲ ಒಂದೇ ಗಾಳಿ

ಒಂದು ಭಾನುವಾರ ಫೋನಿನಲ್ಲಿ ವೈಫೈ ಅಳೆಯುವ ಆ್ಯಪ್ ಹಾಕಿಕೊಂಡು ಮನೆಯೆಲ್ಲ ಓಡಾಡಿದೆ. ನಮ್ಮ ರೂಮಿನಲ್ಲಿ ನಿಂತರೆ ಅಕ್ಕಪಕ್ಕದ ಹೆಸರುಗಳದ್ದೇ ದೊಡ್ಡ ಪಟ್ಟಿ. ಕಂಪನಿ ಕೊಟ್ಟ ಹೆಸರನ್ನೇ ಬಿಟ್ಟವರು, ಮನೆದೇವರ ಹೆಸರಿಟ್ಟವರು, ಪೊಲೀಸ್ ವ್ಯಾನ್ ಅಂತ ತಮಾಷೆ ಮಾಡಿದವರು. ನಮ್ಮದಕ್ಕಿಂತ ಎದುರು ಮನೆಯವರ ಸಿಗ್ನಲ್ ನಮ್ಮ ಮಂಚದ ಮೇಲೆ ಚೆನ್ನಾಗಿತ್ತು! ಕಾರಣ ಸುಲಭ. ಅವರದು ಕಿಟಕಿಯಿಂದ ಕಿಟಕಿಗೆ ಬರುತ್ತದೆ, ನಮ್ಮದು ಕಾಂಕ್ರೀಟಿನಿಂದ ಬರಬೇಕು.

2.4 ಗಿಗಾಹರ್ಟ್ಸ್ ಪಟ್ಟಿಯನ್ನು ಲೈಸೆನ್ಸ್ ಇಲ್ಲದೆ ಯಾರು ಬೇಕಾದರೂ ಬಳಸಬಹುದು ಅಂತ ನಮ್ಮ ದೇಶದಲ್ಲಿ ಮುಕ್ತ ಮಾಡಿದ್ದು 2005ರ ಜನವರಿಯಲ್ಲಿ. ಒಳ್ಳೆಯ ಕೆಲಸ, ಅದಿಲ್ಲದಿದ್ದರೆ ಮನೆ ಮನೆಯಲ್ಲಿ ವೈಫೈ ಇರುತ್ತಿರಲಿಲ್ಲ. ಆದರೆ ಆ ಪಟ್ಟಿ ಬಹಳ ಇಕ್ಕಟ್ಟು, 83.5 ಮೆಗಾಹರ್ಟ್ಸ್ ಅಷ್ಟೆ. ರೌಟರಿನ ಸೆಟ್ಟಿಂಗಿನಲ್ಲಿ ಹತ್ತಕ್ಕಿಂತ ಹೆಚ್ಚು ಚಾನೆಲ್, ಅಂದರೆ ಆ ಪಟ್ಟಿಯ ತುಂಡುಗಳು, ಕಾಣುತ್ತವೆ. ಒಂದರ ಮೈ ಇನ್ನೊಂದಕ್ಕೆ ತಾಗದ ಹಾಗೆ ಕೂರಿಸಬಹುದಾದದ್ದು ಮೂರೇ: 1, 6, 11. ಈ ಮೂರರಲ್ಲಿ ಓಣಿಯವರೆಲ್ಲ ಹೊಂದಿಕೊಳ್ಳಬೇಕು. ವೈಫೈ ಸಾಧನಗಳಿಗೆ ಒಂದು ಮರ್ಯಾದೆ ಇದೆ. ಬೇರೆಯವರು ಮಾತಾಡುತ್ತಿದ್ದರೆ ಕಾಯುತ್ತವೆ. ಪಕ್ಕದ ಮನೆಯವರು ರಾತ್ರಿ ಕ್ರಿಕೆಟ್ ನೋಡುವಾಗ ನಮ್ಮದು ಕಾಯುತ್ತ ಕೂತಿರುತ್ತದೆ. ಮೈಕ್ರೋವೇವ್ ಒಲೆಗೆ ಆ ಮರ್ಯಾದೆಯೂ ಇಲ್ಲ. ಅದು ಕೆಲಸ ಮಾಡುವುದೂ 2.45 ಗಿಗಾಹರ್ಟ್ಸ್‌ನಲ್ಲೇ. ಸಾರು ಬಿಸಿಯಾಗುವ ಎರಡು ನಿಮಿಷ ಅಡುಗೆಮನೆ ಸುತ್ತಮುತ್ತ ನೆಟ್ ತೊದಲುತ್ತದೆ.

5 ಗಿಗಾಹರ್ಟ್ಸ್‌ನಲ್ಲಿ ಈ ಜಾತ್ರೆ ಇಲ್ಲ. ಜಾಗವೂ ಜಾಸ್ತಿ, ಪಕ್ಕದವರ ಗಲಾಟೆಯೂ ಕಡಿಮೆ. ಯಾಕೆ ಕಡಿಮೆ ಅಂದರೆ ಅವರ ಅಲೆ ಅವರ ಗೋಡೆ ದಾಟುವುದಿಲ್ಲ. ನಮ್ಮದು ನಮ್ಮ ಮೋಲ್ಡಿಂಗ್ ದಾಟದಿರುವುದಕ್ಕೂ ಅದೇ ಕಾರಣ. ಒಂದು ಸಿಕ್ಕರೆ ಇನ್ನೊಂದು ಇಲ್ಲ.

ಎಕ್ಸ್‌ಟೆಂಡರ್ ಎಂಬ ಸಮಾಧಾನ

ಇಂಥ ಹೊತ್ತಿನಲ್ಲಿ ಎಲ್ಲರೂ ಹೇಳುವುದು ಎಕ್ಸ್‌ಟೆಂಡರ್ ತಗೊಳ್ಳಿ ಅಂತ. ಪ್ಲಗ್ಗಿಗೆ ಸಿಕ್ಕಿಸುವ ಪುಟ್ಟ ಡಬ್ಬಿ. ಮೆಟ್ಟಿಲ ತಿರುವಿನಲ್ಲಿ ಸಿಕ್ಕಿಸಿದೆವು. ಮೇಲೆ ಗೀಟು ತುಂಬಿತು, ಮನೆಯವರಿಗೆ ಖುಷಿಯಾಯಿತು. ಅಗ್ಗದ ಎಕ್ಸ್‌ಟೆಂಡರಿಗೆ ಇರುವುದು ಒಂದೇ ರೇಡಿಯೊ. ಅದು ರೌಟರ್ ಹೇಳಿದ್ದನ್ನು ಕೇಳಬೇಕು, ಆಮೇಲೆ ಅದೇ ಮಾತನ್ನು ಫೋನಿಗೆ ಹೇಳಬೇಕು. ಒಂದೇ ಬಾಯಲ್ಲಿ ಎರಡು ಸಲ. ಹಾಗಾಗಿ ಬಂದದ್ದರಲ್ಲಿ ಅರ್ಧ ಅಲ್ಲೇ ಹೋಯಿತು. ಅದರ ಜೊತೆಗೆ ಫೋನುಗಳ ಹಟ. ಯಾವ ಡಬ್ಬಿಗೆ ಅಂಟಿಕೊಳ್ಳಬೇಕು ಅಂತ ತೀರ್ಮಾನಿಸುವುದು ರೌಟರ್ ಅಲ್ಲ, ಫೋನು. ಅಮ್ಮ ಮೇಲೆ ನಮ್ಮ ಮನೆಗೆ ಬಂದರೆ ಅವರ ಫೋನ್ ಕೆಳಗಿನ ರೌಟರಿನ ಕೊನೇ ಎಳೆಯನ್ನು ಬಿಡುವುದಿಲ್ಲ, ಕಣ್ಣೆದುರೇ ಎಕ್ಸ್‌ಟೆಂಡರ್ ಇದ್ದರೂ. 'ಒಂದ್ಸಲ ವೈಫೈ ಆಫ್ ಮಾಡಿ ಆನ್ ಮಾಡಿ ಅಮ್ಮ' ಅಂತ ನಾನೂ ಕಸ್ಟಮರ್ ಕೇರ್‌ನವರ ದನಿಯಲ್ಲೇ ಹೇಳತೊಡಗಿದೆ.

(ಇದರ ಮಧ್ಯೆ ಹೆಂಡತಿಯ ತಮ್ಮ ಗೃಹಪ್ರವೇಶದಲ್ಲಿ ಉಳಿದಿದ್ದ ಒಂದು ಸ್ಮಾರ್ಟ್ ಬಲ್ಬ್ ತಂದುಕೊಟ್ಟ. ಇಂಥ ಬಲ್ಬುಗಳು ಬಹುತೇಕ 2.4ರಲ್ಲಿ ಮಾತ್ರ ಮಾತಾಡುತ್ತವೆ. ಮೊದಲ ಸಲ ಜೋಡಿಸುವಾಗ ಫೋನ್ 5ರಲ್ಲಿದ್ದರೆ ಎಷ್ಟೋ ಸಲ ಒಂದರ ಮುಖ ಇನ್ನೊಂದು ನೋಡುವುದಿಲ್ಲ. ಕೊನೆಗೆ ಅದನ್ನು ಬಚ್ಚಲುಮನೆಗೆ ಹಾಕಿ ಗೋಡೆಯ ಸ್ವಿಚ್ಚಿನಿಂದಲೇ ಹೊತ್ತಿಸುತ್ತಿದ್ದೇವೆ. ಬೆಳಕು ಚೆನ್ನಾಗಿದೆ.)

ಮೆಶ್ ಅಂತ ಬರುತ್ತದಲ್ಲ, ಎರಡು-ಮೂರು ಬಿಳಿ ಡಬ್ಬಿಗಳ ಜೋಡಿ, ಅದು ಇದಕ್ಕಿಂತ ಬುದ್ಧಿವಂತ. ಆದರೆ ಡಬ್ಬಿ ಡಬ್ಬಿಗಳ ನಡುವಿನ ಮಾತೂ ಅದೇ ಮೋಲ್ಡಿಂಗ್ ದಾಟಿಯೇ ಹೋಗಬೇಕು. ಜಾಹೀರಾತಿನ ಚಿತ್ರದಲ್ಲಿ ಮನೆಯ ಸೂರು ಗಾಜಿನದೇನೋ ಅನ್ನುವ ಹಾಗೆ ನೀಲಿ ಅಲೆಗಳು ಹಾದುಹೋಗುತ್ತವೆ. ಅದನ್ನು ಕಾರ್ಡಿಗೆ ಹಾಕಿ ಕೊಳ್ಳುವ ಮುಂಚೆ ಒಂದು ಸಲ ಮಹಡಿಯಿಂದ ಮಹಡಿಗೆ ವೈರ್ ಎಳೆಯಲು ಆಗುತ್ತದೆಯೇ ನೋಡೋಣ ಅನ್ನಿಸಿತು.

ಟಿವಿ ಪೈಪು

ನಮ್ಮ ಮನೆಗೆ ಮೊದಲ ವೈರಿಂಗ್ ಮಾಡಿದ ಎಲೆಕ್ಟ್ರಿಷಿಯನ್ ಇನ್ನೂ ಅದೇ ಏರಿಯಾದಲ್ಲಿದ್ದಾರೆ. ವಯಸ್ಸಾಗಿದೆ, ಈಗ ಏಣಿ ಹತ್ತುವುದಿಲ್ಲ. ಅಳಿಯನನ್ನು ಕರೆದುಕೊಂಡು ಬಂದರು. ಹಾಲಿನಲ್ಲಿ ನಿಂತು ಗೋಡೆಯನ್ನು ಬೆರಳಲ್ಲಿ ತಟ್ಟುತ್ತ ಹೋದರು. 'ಇಲ್ಲಿಂದ ಟಿವಿ ಪೈಪ್ ಮೇಲಕ್ಕೆ ಹೋಗಿದೆ. ನಿಮ್ಮಪ್ಪ ಬೇಡ ಅಂದ್ರು, ಖರ್ಚು ಜಾಸ್ತಿ ಆಗತ್ತೆ ಅಂತ. ನಾನೇ ಹಾಕ್ದೆ, ಮುಂದೆ ಮಹಡಿ ಕಟ್ತೀರಲ್ಲ ಅಂತ.' ಅಪ್ಪ ಪೇಪರ್ ಮಡಿಸಿ, 'ನಾನೆಲ್ಲಿ ಬೇಡ ಅಂದೆ?' ಅಂದರು. ಆ ವಾದ ಸ್ವಲ್ಪ ಹೊತ್ತು ನಡೆಯಿತು. ಯಾರು ಗೆದ್ದರೂ ಪೈಪಂತೂ ಇತ್ತು. ಒಳಗೆ ಹಳೇ ಕಾಲದ ಕೇಬಲ್ ಟಿವಿಯ ದಪ್ಪ ಕಪ್ಪು ವೈರು, ಬಳಕೆ ನಿಂತು ಎಷ್ಟೋ ವರ್ಷ ಆಗಿತ್ತು.

ಅಳಿಯ ಉದ್ದನೆಯ ಸ್ಪ್ರಿಂಗ್ ಬಿಟ್ಟ. ಮೇಲೆ ಅರ್ಧಕ್ಕೆ ಹೋಗಿ ಸಿಕ್ಕಿಕೊಂಡಿತು. 'ಎಲ್ಬೋ' ಅಂದರು ಹಿರಿಯರು, ಕೂತಲ್ಲಿಂದಲೇ. ಮೋಲ್ಡಿಂಗ್ ಮುಗಿದು ಗೋಡೆಗೆ ತಿರುಗುವ ಜಾಗದಲ್ಲಿ ನೇರ ಮೂಲೆಯ ಎಲ್ಬೋ ಹಾಕಿದ್ದರಂತೆ. ಹಾಗಾದರೆ ಸ್ಪ್ರಿಂಗ್ ಬೇಡ, ಒಳಗಿರುವ ಟಿವಿ ವೈರನ್ನೇ ಹಗ್ಗ ಮಾಡೋಣ ಅಂದರು. ಅದರ ತುದಿಗೆ ನೆಟ್ ಸಾಗಿಸುವ ಹೊಸ ಕ್ಯಾಟ್-6 ಕೇಬಲನ್ನು ಸೇರಿಸಿ, ಗಂಟು ದಪ್ಪ ಆಗದ ಹಾಗೆ ಟೇಪ್ ಸುತ್ತಿದರು. 'ಅಮ್ಮಾ, ಪೌಡರ್ ಇದ್ರೆ ಕೊಡಿ' ಅಂದರು. ಅಮ್ಮ ಮುಖಕ್ಕೆ ಹಚ್ಚುವ ಪೌಡರ್ ಡಬ್ಬಿ ತಂದರು. ಅರ್ಧ ಡಬ್ಬಿ ಪೈಪಿನೊಳಗೆ ಹೋಯಿತು. ಅಳಿಯ ಮೇಲಿನಿಂದ ಎಳೆಯುವುದು, ನಾನು ಕೆಳಗಿನಿಂದ ತಳ್ಳುವುದು, ಮಗಳು ಮೆಟ್ಟಿಲ ಮೇಲೆ ನಿಂತು ಅತ್ತಿಂದಿತ್ತ ಕೂಗಿ ಹೇಳುವುದು. ಎಲ್ಬೋ ಹತ್ತಿರ ಬಂದಾಗ ಕೇಬಲ್ ನಿಂತೇಬಿಟ್ಟಿತು. 'ಎಳೀಬೇಡ, ಎಳೀಬೇಡ. ಒಂದು ಗೇಣು ವಾಪಸ್ ಬಿಡು, ತಿರುಗಿಸಿ ಎಳಿ' ಅಂದರು. ಬಿಟ್ಟು, ತಿರುಗಿಸಿ, ಎಳೆದಾಗ ಒಂದು ಸಲ ಜರ್ರನೆ ಜಾರಿತು. ಮೇಲಿನಿಂದ ಮಗಳ ಕಿರುಚಾಟ. ನಮ್ಮ ರೂಮಿನ ಸ್ವಿಚ್ ಬೋರ್ಡಿನಿಂದ ನೀಲಿ ಕೇಬಲ್, ಬಿಳೀ ಪೌಡರ್ ಮೆತ್ತಿಕೊಂಡು ಹೊರಗೆ ಬಂದಿತ್ತು.

ತುದಿಗೆ ಕ್ಲಿಪ್ ಹಾಕುವ ಕೆಲಸ ನನ್ನದು. ಒಳಗೆ ಎಂಟು ಸಣ್ಣ ವೈರು. ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಈ ಸಾಲು ಎರಡೂ ತುದಿಯಲ್ಲಿ ಒಂದೇ ಥರ ಇರಬೇಕು. ಸಿಕ್ಕಿಸಿದಾಗ ನೆಟ್ ಬಂತು, ಎಲ್ಲರೂ ಚಪ್ಪಾಳೆ. ಆದರೆ ಲ್ಯಾಪ್‌ಟಾಪ್ ಲಿಂಕ್ ಸ್ಪೀಡ್ 100 ಅಂತ ತೋರಿಸಿತು. ಈ ಕೇಬಲ್ ಸಾವಿರ ಕೊಡಬೇಕು. ಸಾವಿರಕ್ಕೆ ಎಂಟೂ ವೈರು ಬೇಕು, ನೂರಕ್ಕೆ ನಾಲ್ಕೇ ಸಾಕು. ಅಂದರೆ ಎಲ್ಲೋ ಒಂದು ವೈರು ಸರಿಯಾಗಿ ಕೂತಿಲ್ಲ. ಇಂಥ ಕಡೆ ಯಂತ್ರ ಏನೂ ಹೇಳುವುದಿಲ್ಲ, ಸುಮ್ನೆ ಒಂದು ಹಂತ ಕೆಳಗೆ ಇಳಿದು ಕೆಲಸ ಮಾಡುತ್ತದೆ. ಮೇಲಿನ ತುದಿಯನ್ನು ಕತ್ತರಿಸಿ ಹೊಸ ಕ್ಲಿಪ್ ಹಾಕಿದಾಗ ಸಾವಿರ ಬಂತು. ಹಿರಿಯರು ಆಗಲೇ ಕಾಫಿ ಮುಗಿಸಿ ಚಪ್ಪಲಿ ಹಾಕಿಕೊಂಡಿದ್ದರು. ಅವರಿಗೆ ಸಾವಿರವೂ ಅಷ್ಟೆ, ನೂರೂ ಅಷ್ಟೆ. ಕೇಬಲ್ ಬಂತಲ್ಲ.

ಆಮೇಲೆ ಮೇಲೆ ಎರಡನೇ ರೌಟರ್ ಇಟ್ಟು, ಅದನ್ನು ಆ್ಯಕ್ಸೆಸ್ ಪಾಯಿಂಟ್ ಮೋಡ್‌ಗೆ ಹಾಕಿದೆ. ಅಂದರೆ ಕೇಬಲಿನಲ್ಲಿ ಬಂದದ್ದನ್ನು ವೈಫೈ ಮಾಡಿ ಹರಡುವುದಷ್ಟೇ ಅದರ ಕೆಲಸ. ಇದು ಮುಖ್ಯ. ರೌಟರಾಗಿಯೇ ಬಿಟ್ಟರೆ ಅದೂ ತಾನೇ ಯಜಮಾನ ಅಂತ ಮನೆಯವರಿಗೆಲ್ಲ ಬೇರೆ ವಿಳಾಸ ಹಂಚುತ್ತದೆ. ಕೆಳಗಿನ ಪ್ರಿಂಟರ್ ಮೇಲಿನವರಿಗೆ ಸಿಗುವುದಿಲ್ಲ. ಎರಡೂ 192.168.1.1 ಅನ್ನುವ ಒಂದೇ ವಿಳಾಸ ತನ್ನದು ಅಂದರೆ ಸೆಟ್ಟಿಂಗ್ ಪುಟವೇ ತೆರೆಯುವುದಿಲ್ಲ. ಎರಡಕ್ಕೂ ಒಂದೇ ಹೆಸರು, ಒಂದೇ ಪಾಸ್‌ವರ್ಡ್ ಕೊಟ್ಟೆ. ಕೆಳಗಿನದಕ್ಕೆ 1ನೇ ಚಾನೆಲ್, ಮೇಲಿನದಕ್ಕೆ 11. ಕೆಳಗಿನ ರೌಟರಿನ ದನಿಯನ್ನು ಒಂದಿಷ್ಟು ಕಡಿಮೆಯೂ ಮಾಡಿದೆ, ಅಮ್ಮನ ಫೋನ್ ಮೆಟ್ಟಿಲು ಹತ್ತುವಾಗ ಅದನ್ನು ಬಿಡಲಿ ಅಂತ. ಈಗ ಬಹುತೇಕ ಬಿಡುತ್ತದೆ. ಕರೆಂಟ್ ಹೋಗಿ ಇನ್ವರ್ಟರಿಗೆ ಬದಲಾಗುವ ಕ್ಷಣದಲ್ಲಿ ಎರಡೂ ಆರಿ ಹೊತ್ತಿಕೊಳ್ಳುವುದು ಮಾತ್ರ ಹಾಗೇ ಇತ್ತು. ಅದಕ್ಕೆ ರೌಟರಿಗೆಂದೇ ಸಿಗುವ 12 ವೋಲ್ಟಿನ ಪುಟ್ಟ ಯುಪಿಎಸ್ ಬಂತು. ಪ್ಲಾನ್ ಇನ್ನೂ ನೂರರದ್ದೇ. ಬಾಡಿಗೆಯವರ ರೌಟರ್ ಕೂಡ 11ರಲ್ಲೇ ಕೂತಿದೆ. ಅವರಿಗೆ ಹೇಗೆ ಹೇಳುವುದು ಅಂತ ಯೋಚಿಸುತ್ತಿದ್ದೇನೆ. ನೀರಿನ ಮೋಟಾರಿನ ವಿಚಾರ ಹೇಳುವುದೇ ಕಷ್ಟ, ಇದನ್ನು ಎಲ್ಲಿಂದ ಶುರು ಮಾಡುವುದು?

ನನಗೆ ಈಗಲೂ ಅರ್ಥವಾಗದ್ದು ಒಂದಿದೆ. ಮನೆ ಕಟ್ಟುವಾಗ ದೇವರಮನೆಯ ದಿಕ್ಕಿನಿಂದ ಹಿಡಿದು ಗೀಸರಿನ ಪಾಯಿಂಟಿನವರೆಗೆ ತಿಂಗಳುಗಟ್ಟಲೆ ಮಾತಾಡುತ್ತೇವೆ. ಎಸಿ ಯಾವತ್ತೋ ಹಾಕಿಸುತ್ತೇವೆ ಅಂತ ಇವತ್ತೇ ಗೋಡೆಯಲ್ಲಿ ತೂತು ಬಿಡಿಸುತ್ತೇವೆ. ಇಡೀ ಮನೆಯ ಓದು, ಸಂಬಳ, ಸಿನಿಮಾ, ದೂರದ ಮಕ್ಕಳ ಮುಖ ಎಲ್ಲ ಬರುವ ದಾರಿಗೆ ಮಾತ್ರ ಒಂದು ಪೈಪ್ ಬಿಡುವುದಿಲ್ಲ. ಗಾಳಿಯಲ್ಲಿ ಬರುತ್ತದೆ ಅನ್ನುವ ನಂಬಿಕೆ ಅಷ್ಟು ಗಟ್ಟಿ. ಒಂದು ಪೈಪಿಗೆ ಆಗುವ ಖರ್ಚು ಆಮೇಲೆ ಕೊಳ್ಳುವ ಒಂದು ಎಕ್ಸ್‌ಟೆಂಡರಿಗಿಂತ ಕಡಿಮೆ.

ನಮ್ಮ ಕ್ರಾಸಿನ ಕೊನೆಯಲ್ಲಿ ಹೊಸ ಮನೆ ಏಳುತ್ತಿದೆ. ಅದೂ 30×40. ಮೊದಲನೇ ಮೋಲ್ಡಿಂಗಿಗೆ ಕಂಬಿ ಕಟ್ಟುತ್ತಿದ್ದರು. ಮನೆಯವರು ಪರಿಚಯದವರೇ. ಪ್ರತಿ ಮಹಡಿಯ ಹಾಲಿನಿಂದ ಮೇಲಿನ ಹಾಲಿಗೆ ಒಂದೊಂದು ಖಾಲಿ ಪೈಪ್ ಬಿಡಿಸಿ, ಕರೆಂಟಿನ ಪೈಪಿನಿಂದ ದೂರ ಇರಲಿ ಅಂದೆ. 'ಈಗೆಲ್ಲ ವೈಫೈ ಅಲ್ವಾ ಸಾರ್, ವೈರ್ ಯಾಕೆ?' ಅಂದರು. ನಾನು ಮೋಲ್ಡಿಂಗ್ ಕತೆ ಶುರು ಮಾಡಿದೆ. ಅವರು ನಡುವೆ ಒಂದು ಫೋನ್ ತೆಗೆದುಕೊಂಡು ಆಚೆ ಹೋದರು. ಪಕ್ಕದಲ್ಲಿ ನಿಂತು ಕೇಳುತ್ತಿದ್ದ ಮೇಸ್ತ್ರಿ, 'ಮುಕ್ಕಾಲಿಂಚಾ ಸಾರ್, ಒಂದಿಂಚಾ?' ಅಂದರು. ಒಂದಿಂಚು, ಎಲ್ಬೋ ಬೇಡ, ಉದ್ದನೆಯ ಬೆಂಡ್ ಹಾಕಿ, ಒಳಗೆ ಒಂದು ಎಳೆಯುವ ತಂತಿ ಬಿಟ್ಟಿರಿ ಅಂದೆ. ಅವರು ಕಿವಿಯ ಮೇಲಿದ್ದ ಪೆನ್ಸಿಲ್ ತೆಗೆದು ಸೆಂಟ್ರಿಂಗ್ ಹಲಗೆಯ ಮೇಲೆ ಗುರುತು ಹಾಕಿಕೊಂಡರು.